ಮೂರು ರೊಟ್ಟಿಗೊಂದು ಬೇನೆ

ಚೊಚ್ಚಲ ಹೆರಿಗೆಗೆಂದು ಚಿಂಚೋಳಿಯಿಂದ ಮಳಖೇಡಕ್ಕೆ, ನಮ್ಮ ಮನೆಗೆ ಬಂದಿದ್ದ ಮಗಳನ್ನು ಸೇಡಂ ದವಾಖಾನೆಯವರು ಒಮ್ಮೆ ಹೊಳ್ಳಿ ಕಳಿಸಿದ್ದರು. ಹೊಟ್ಟೆ ಬಿಗಿದುಕೊಂಡಿತೆಂದು ಓಡಿದ್ದೆವು. ಅಲ್ಲಿ ಮಂಚದ ಮೇಲೆ ಮಲಗಿದ ಕೂಡಲೇ ನೋವು ಮಾಯ.

"ಇವು ಸುಳ್ಳು ಬ್ಯಾನಿರಿ," ಎಂದಿದ್ದರು ಸಿಸ್ಟರ್. "ಖರೇ ಬ್ಯಾನಿ ಮಲಗಿದ್ರೂ ಬಿಡಂಗಿಲ್ಲ, ನಡದ್ರೂ ಬಿಡಂಗಿಲ್ಲ. ಐದೈದು ಮಿನಿಟಿಗೊಮ್ಮೆ ಬರಲಿಕತ್ತಿದ್ರ ಕರ್ಕೊಂಡು ಬರ್ರಿ. ನೀರು ಹೋದ್ರ, ರಕ್ತ ಕಂಡ್ರ ಮಾತ್ರ ಗಡಿಯಾರ ನೋಡಬ್ಯಾಡ್ರಿ, ಹಂಗೇ ಬಂದುಬಿಡ್ರಿ."

ಬಟ್ಟೆಯ ಗಂಟು ಹಿಡಿದು ವಾಪಸ್ ಬಂದದ್ದನ್ನು ಓಣಿಯೆಲ್ಲ ನೋಡಿತ್ತು. ಮಗಳಿಗೆ ಭಾರೀ ನಾಚಿಕೆ.

ಮುಂದಿನ ವಾರ ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಸೊಂಟ ಹಿಡಿದುಕೊಂಡು ಬಂದು ನಿಂತಳು. "ಯವ್ವಾ, ನಡದಿಂದ ಮುಂದಕ್ಕ ಹಿಂಡಿದಂಗ ಆಗಲಿಕತ್ತದ."

"ಹೋಗೋಣೇನು?"

"ಬ್ಯಾಡ. ಈ ಸಲ ಹೊಳ್ಳಿ ಕಳಿಸಿದ್ರ ಓಣ್ಯಾಗ ಮಾರಿ ಎತ್ತಂಗಿಲ್ಲ ನಾ."

ನನ್ನ ಕೈ ತುಂಬ ಹಿಟ್ಟು, ಗಡಿಯಾರ ಒಳಕೋಣೆಯಲ್ಲಿ. ರೊಟ್ಟಿಯಲ್ಲೇ ಲೆಕ್ಕ ಹಿಡಿದೆ: ಒಂದು ಬಡಿದು ಬೇಯಿಸಲು ಎರಡು ಮಿನಿಟಾದರೂ ಬೇಕು; ಮೂರಕ್ಕಿಂತ ಕೆಳಗಿಳಿದರೆ ಐದು ಮಿನಿಟಿನ ಬೇನೆ, ಆಗ ಹೊರಡುವುದು. ಬೇನೆಗೂ ಬೇನೆಗೂ ನಡುವೆ ಮೊದಲು ಆರೇಳು ರೊಟ್ಟಿ ಆದವು. ಆಮೇಲೆ ನಾಲ್ಕು. ಆಮೇಲೆ ಮೂರು. ಬೇನೆ ಬಂದಾಗ ಅವಳು ಕಟ್ಟೆಯ ಕಲ್ಲಿಗೆ ಎರಡೂ ಕೈ ಊರಿ ಬಾಯಿಂದ ಉಸಿರು ಬಿಡುವಳು. ಹೋದ ಮೇಲೆ ತಾನೇ ನಕ್ಕು ಬಿಸಿ ರೊಟ್ಟಿ ಮುರಿದು ತಿನ್ನುವಳು. ಇಬ್ಬರಿಗೂ ಅದೇನು ಹುರುಪೋ!

ಆದರೆ ಲೆಕ್ಕ ಮೂರಕ್ಕೇ ನಿಂತುಬಿಟ್ಟಿತು. ಅವಳ ಹಣೆಯಲ್ಲಿ ಬೆವರು, ಈಗ ಮಾತೂ ಇಲ್ಲ, ನಗುವೂ ಇಲ್ಲ. ನಾನು ಮಾತ್ರ, "ಇನ್ನಾ ಮೂರ ಅದಾವ, ತಡಿ," ಎನ್ನುತ್ತಲೇ ಇದ್ದೆ.

ಬೇನೆ ಇಳಿದ ಮೇಲೆ ಅವಳು ಬುಟ್ಟಿಯತ್ತ ನೋಡಿದಳು. "ಇಷ್ಟು ರೊಟ್ಟಿ ಯಾರಿಗಿಬೇ? ದವಾಖಾನಿ ಮಂದಿಗೆಲ್ಲ ಊಟಾ ಹಾಕ್ತೀಯೇನು? ನಿನ್ನ ಕೈ ನೋಡು, ಮಷಿನ್ ಹಂಗ ಬಡೀಲಿಕತ್ತೀ!"

ನೋಡಿಕೊಂಡೆ. ಎರಡನೇ ಒಲೆಯ ಮೇಲೂ ಹಂಚು ಇಟ್ಟಿದ್ದೆ, ಯಾವಾಗ ಇಟ್ಟೆನೋ! ಬೇನೆ ಹತ್ತಿರವಾದಷ್ಟೂ ನನ್ನ ಕೈ ಓಡಿತ್ತು; ಅದಕ್ಕೇ ಲೆಕ್ಕ ಇಳಿದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಗಡಿಯಾರ ತಂದೆ. ಮುಂದಿನ ಬೇನೆ ನಾಲ್ಕು ಮಿನಿಟೂ ಕಾಯಲಿಲ್ಲ.

ಓಣಿಯ ಆಟೋದವನು ಸಿಮೆಂಟ್ ಲಾರಿಗಳ ಹಿಂದೆ ಹಾರ್ನ್ ಒತ್ತುತ್ತಲೇ ಓಡಿಸಿದ. "ಅಕ್ಕಾ, ಜರಾ ತಡಕೋ, ಸೀಟು ಹೊಸಾದು ಹಾಕ್ಸೀನಿ!"

"ನಗಸಬ್ಯಾಡೋ, ನೋವಾಗ್ತದ!" ಎಂದು ಅವಳು ನನ್ನ ತೋಳು ಹಿಂಡಿದಳು.

ಅದೇ ಸಿಸ್ಟರ್ ಪರೀಕ್ಷೆ ಮಾಡಿದರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು. "ಗರ್ಭಚೀಲದ ಬಾಯಿ ಅರ್ಧಕ್ಕಿಂತ ಜಾಸ್ತಿ ಬಿಟ್ಟದ. ಇನ್ನ ಕೂಸು ಇಲ್ದೆ ಮನಿಗಿ ಕಳಸಂಗಿಲ್ಲ!"

ಮಧ್ಯಾಹ್ನದವರೆಗೆ ಅವಳ ಬೆನ್ನು ತಿಕ್ಕಿದೆ, ಗುಟುಕು ಗುಟುಕಾಗಿ ನೀರು ಕುಡಿಸಿದೆ. ಒಮ್ಮೆ, "ನನ್ನಿಂದ ಆಗಂಗಿಲ್ಲಬೇ," ಎಂದು ಅತ್ತಳು. "ಹಂಗ ಅನ್ಲಿಕತ್ತಾಳಂದ್ರ ಹತ್ರ ಬಂತು," ಎಂದರು ಸಿಸ್ಟರ್. ಹಾಗೇ ಆಯಿತು. "ಈಗ ಮುಕ್ಕು ಯವ್ವಾ, ಜೋರಾಗಿ ಕೆಳಗ ಒತ್ತು! ಸಾಕು, ಈಗ ಉಸಿರು ಬಿಡು. ತಲಿ ಕಂಡದ. ಇನ್ನೊಮ್ಮೆ!"

ಅಳು ಕೇಳಿತು. ಒರೆಸಿದ ಕೂಸನ್ನು ಅವಳ ಎದೆಯ ಮೇಲೇ ಹಾಕಿದರು. ಮಾಸು ಬೀಳುವುದು ಇನ್ನೂ ಇತ್ತು, ಅವಳಿಗೆ ಅದರ ಪರಿವೆಯೇ ಇಲ್ಲ.

"ಯವ್ವಾ, ಕಣ್ಣು ತೆರದದ! ನನಗೇ ನೋಡಲಿಕತ್ತದ!"

"ಮತ್ತ್ಯಾರಿಗಿ ನೋಡ್ಬೇಕು, ನನಗಾ?" ಎಂದರು ಸಿಸ್ಟರ್.

ನಾನು ಬಗ್ಗಿದೆ. ಹೌದು, ಅವಳನ್ನೇ ನೋಡುತ್ತಿತ್ತು, ಹೆಣ್ಣು ಕೂಸು.