ಅಕ್ಷರಕ್ಕೊಂದು ಚಪ್ಪಾಳೆ

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಾಟಕದ ಮಾಸ್ತರು ಯಾವ ಮಾತನ್ನೂ ಇಡಿಯಾಗಿ ಬಿಡುತ್ತಿರಲಿಲ್ಲ. ಓದು ಬಾರದ ಪಾತ್ರಧಾರಿಗಳಿಗೆ ಅಕ್ಷರಕ್ಕೊಂದು ಚಪ್ಪಾಳೆ ತಟ್ಟಿ ಮಾತು ಕಲಿಸುವುದು ಅವರ ಪದ್ಧತಿ. ಅದು ತಾಲೀಮಿನಲ್ಲೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಎಸ್‌ಟಿಡಿ ಬೂತಿನಲ್ಲೂ ರಿಸೀವರನ್ನು ಹೆಗಲಿಗೆ ಸಿಕ್ಕಿಸಿಕೊಂಡು, "ಹ-ರ-ಪ-ನ-ಹ-ಳ್ಳಿ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಹಿಂದೆ ಸಾಲಿನಲ್ಲಿ ನಿಂತ ನಾವು ಹಲ್ಲು ಕಡಿಯಬೇಕು. "ಲಗೂನ ಮುಗಸ್ರಿ ಮಾಸ್ತರ" ಎಂದರೆ, "ನುಂಗಬ್ಯಾಡ್ರಿ, ಬಿಡಿಸಿ ಅನ್ರಿ" ಎಂದು ನನ್ನನ್ನೇ ತಿದ್ದುತ್ತಿದ್ದರು.

ಅವ್ವನಿಗೆ ಲಕ್ವ ಹೊಡೆದು ಮಾತು ನಿಂತಾಗ, ಯಾರೂ ಕರೆಯದಿದ್ದರೂ ದಿನಾ ಬಂದು ಮಂಚದ ಪಕ್ಕ ಕೂರತೊಡಗಿದರು.

"ಅವ್ವಾರ, ನುಂಗಬ್ಯಾಡ್ರಿ, ಬಿಡಿಸಿ ಅನ್ರಿ. ನೀ-ರು."

ಚಪ್ಪಾಳೆ, ಮತ್ತೆ ನೀರು, ಮತ್ತೆ ಚಪ್ಪಾಳೆ. ಅವ್ವ ಗೋಡೆಯ ಕಡೆ ಮುಖ ಹೊರಳಿಸುತ್ತಿದ್ದಳು. ಮಲಗಿದವಳನ್ನೂ ಬಿಡದೆ ಕಾಡುವ ಈ ಮನುಷ್ಯನನ್ನು ಹೊರಗೆ ಕಳಿಸಿಯೇ ಬಿಡುತ್ತೇನೆಂದು ಒಂದು ದಿನ ಎದ್ದು ನಿಂತೆ. ಅಷ್ಟರಲ್ಲಿ ಅವ್ವ, ಸ್ವಾಧೀನದಲ್ಲಿದ್ದ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದಳು, ಅಕ್ಷರಕ್ಕೊಂದು ಏಟು.

"ಸಾ... ಕು... ಮಾ... ಡ್ರಿ."

ಎದ್ದು ನಿಂತಿದ್ದ ನಾನು ಮತ್ತೆ ಕೂತೆ. ಮಾಸ್ತರು ಮಾತ್ರ ತಲೆ ಅಲ್ಲಾಡಿಸಿದರು.

"ಕೊನೀದು ನುಂಗಿದ್ರಿ ಅವ್ವಾರ. ಇನ್ನೊಮ್ಮೆ ಅನ್ರಿ."