ಉಂಡೆಯಾದ ಶನಿ

ಅವ್ವ ಶನಿದೇವರ ಗುಡಿಯಲ್ಲಿ ಎಂದೂ ಎದುರಿಗೆ ನಿಂತವಳಲ್ಲ. ಬಾಗಿಲಿನ ಪಕ್ಕಕ್ಕೆ, ಗೋಡೆಗೆ ಭುಜ ತಾಗುವ ಹಾಗೆ ನಿಂತು, ದೀಪವನ್ನಷ್ಟೇ ನೋಡುತ್ತ ಎಳ್ಳೆಣ್ಣೆ ಹಾಕುತ್ತಿದ್ದಳು. ಅವನ ದೃಷ್ಟಿಗೆ ದೃಷ್ಟಿ ಕೊಡಬಾರದು ಎಂಬುದು ಹರಿಹರದ ನಮ್ಮ ಓಣಿಯಲ್ಲಿ ಯಾರೂ ಪ್ರಶ್ನಿಸದ ಮಾತು. ನಾನು ಶನಿಗ್ರಹದ ಫೋಟೋ ತೆಗೆಯಲು ಹೊರಟದ್ದಕ್ಕೆ ಇದೊಂದೇ ಕಾರಣ. ಅವ್ವ ದುರ್ಬೀನಿಗೆ ಕಣ್ಣಿಟ್ಟಿದ್ದರೆ ನನಗೆ ಕ್ಯಾಮೆರಾ ಬೇಕಾಗುತ್ತಲೇ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದು ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ವಾರದ ಕೊನೆಗೆ ಹರಿಹರದ ಮನೆಗೆ ಹೋಗುತ್ತಿದ್ದೆ. ಅಲ್ಲಿ ಅವ್ವ ಮತ್ತು ಹತ್ತಿ ವ್ಯಾಪಾರದ ಅಣ್ಣ ಇದ್ದರು. ಆ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ, ದೀಪದ ಸುತ್ತ ಬಣ್ಣದ ಸುತ್ತು ಕಾಣುತ್ತದೆ ಎಂದು ಅವ್ವ ಹೇಳತೊಡಗಿದಳು. ಪಕ್ಕದಲ್ಲಿ ಬಂದು ನಿಂತವರು ಅವಳಿಗೆ ತಿಳಿಯುತ್ತಿರಲಿಲ್ಲ. ದಾವಣಗೆರೆಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನ ಒಳಗೆ ಒತ್ತಡ ಏರಿದೆ, ಬೇಗ ಆಪರೇಷನ್ ಆದರೆ ಇದ್ದಷ್ಟು ದೃಷ್ಟಿ ಉಳಿಯುತ್ತದೆ, ಹೋದದ್ದು ಯಾವ ಕಾರಣಕ್ಕೂ ತಿರುಗಿ ಬರುವುದಿಲ್ಲ ಎಂದರು ಅವರು.

ಅವ್ವ ಒಪ್ಪಲಿಲ್ಲ. ಅವಳದು ಧನು ರಾಶಿ. ಏಳೂವರೆ ವರ್ಷದ ಶನಿಯ ಕಾಟದಲ್ಲಿ ಕೊನೆಯ ಭಾಗ ನಡೆಯುತ್ತಿತ್ತು. ಶನಿ ಮಕರ ದಾಟಿ ಕುಂಭಕ್ಕೆ ಹೋಗುವ ತನಕ ಮೈಗೆ ಕತ್ತಿ ತಾಗಿಸಬಾರದೆಂದು ಜೋಯಿಸರು ಹೇಳಿದ್ದರು. ಆ ಕಾಟ ಶುರುವಾದ ವರ್ಷವೇ ಅಪ್ಪ ತೀರಿಕೊಂಡಿದ್ದ. ಅವಳ ಮಟ್ಟಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಅಣ್ಣನೂ ಅವಳ ಕಡೆಗೇ ಇದ್ದ.

ಶನಿ ಒಂದು ಗ್ರಹ, ಅನಿಲದ ಚೆಂಡು, ಅದರ ಸುತ್ತ ಬಳೆ ಇದೆ, ಅದಕ್ಕೆ ಕಣ್ಣಿಲ್ಲ, ಅದು ಯಾರನ್ನೂ ನೋಡುವುದಿಲ್ಲ ಎಂದು ನಾನು ವಾದಿಸಿದೆ. ಪುಸ್ತಕದಲ್ಲಿದ್ದ ಚಿತ್ರ ತೋರಿಸಿದೆ. ಅಚ್ಚು ಹಾಕುವವರು ಏನು ಬೇಕಾದರೂ ಹಾಕುತ್ತಾರೆ, ಹನುಮಂತ ಗುಡ್ಡ ಹೊತ್ತದ್ದನ್ನೂ ಹಾಕಿದ್ದಾರೆ, ಅದನ್ನು ನೀನು ನಂಬುತ್ತೀಯೇನು ಎಂದು ಕೇಳಿದಳು. ಅನುಮಾನಿಸುವುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ ಎಂದುಕೊಂಡಿದ್ದೆ. ಬಹುಶಃ ಅಲ್ಲಿ ಕಲಿತದ್ದಲ್ಲ.

ಕಡೆಗೊಂದು ದಿನ ರೊಟ್ಟಿ ತಟ್ಟುತ್ತ ಅವಳೇ ಹೇಳಿದಳು: “ನೀನ ತೆಗದ ಪಟ ತಾ. ಪಟದಾಗಿನ ಶನಿ ಏನೂ ಮಾಡಂಗಿಲ್ಲ, ಅದನ್ನ ನೋಡ್ತೀನಿ. ಬಳೆ ತೊಟ್ಟಿದ್ದು ಖರೇ ಆದ್ರ ಅವತ್ತ ದವಾಖಾನಿಗೆ ಬರ್ತೀನಿ.”

ಕಾಲೇಜಿನ ಬೀರುವಿನಲ್ಲಿ ಯಾರೂ ಮುಟ್ಟದ ಹಿತ್ತಾಳೆಯ ದೂರದರ್ಶಕವೊಂದಿತ್ತು. ಅಪ್ಪಣೆ ಪಡೆದು ಅದನ್ನು ಬಸ್ಸಿನಲ್ಲಿ ಹರಿಹರಕ್ಕೆ ಒಯ್ದು ಮಾಳಿಗೆಯ ಮೇಲೆ ನಿಲ್ಲಿಸಿದೆ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಆಗ್ನೇಯದಲ್ಲಿ ಶನಿ ಮೇಲೇರಿರುತ್ತಿತ್ತು. ಮೊದಲ ಸಂಜೆ ಬಳೆಯನ್ನು ಸ್ಪಷ್ಟವಾಗಿ ಕಂಡೆ. ಚೆಂಡಿಗೂ ಬಳೆಗೂ ನಡುವಿನ ಕಪ್ಪು ಸಂದನ್ನೂ ಕಂಡೆ. ಹೀಗೆಂದು ಎಷ್ಟೋ ಸಲ ಹೇಳಿದ್ದೇನೆ. ಈಗ ಬರೆಯುವಾಗ ಅನುಮಾನ. ಆ ಕಪ್ಪು ಸಂದು ಪುಸ್ತಕದ ಚಿತ್ರದಲ್ಲಿ ಇತ್ತು ಎಂಬುದು ಖಚಿತ. ಮಾಳಿಗೆಯ ಮೇಲೂ ಇತ್ತೇ?

ಕಣ್ಣಿಗೆ ಕಂಡದ್ದು ಫಿಲ್ಮಿನ ಮೇಲೆ ಕೂರಲಿಲ್ಲ. ಕ್ಯಾಮೆರಾವನ್ನು ಸ್ಟೂಲಿಗೆ ಕಟ್ಟಿ, ದೂರದರ್ಶಕದ ಕಣ್ಣಿನ ಮಸೂರಕ್ಕೆ ಎದುರಾಗಿ ಹಿಡಿಸಿದ್ದೆ. ಗುಂಡಿ ಒತ್ತಿದರೆ ಎಲ್ಲವೂ ಅದುರುತ್ತಿತ್ತು. ಅದಕ್ಕಾಗಿ ದೂರದರ್ಶಕದ ಮುಂದೆ ಕರಿಯ ರಟ್ಟು ಹಿಡಿದು ಗುಂಡಿ ಒತ್ತುವುದು, ಅದುರಾಟ ನಿಂತ ಮೇಲೆ ರಟ್ಟು ಸರಿಸುವುದು, ಮತ್ತೆ ಮುಚ್ಚುವುದು. ಹೆಚ್ಚು ಹೊತ್ತು ತೆರೆದರೆ ಭೂಮಿ ತಿರುಗಿಬಿಡುತ್ತಿತ್ತು; ಶನಿ ಬಿಳಿಯ ದಾರದ ತುಂಡಾಗುತ್ತಿತ್ತು. ಕಡಿಮೆ ತೆರೆದರೆ ಫಿಲ್ಮು ಖಾಲಿ. ರೋಲು ಮುಗಿದ ಮೇಲೆ ದಾವಣಗೆರೆಗೆ ಒಯ್ದು ಮಂಡಿಪೇಟೆಯ ಸ್ಟುಡಿಯೋಕ್ಕೆ ಕೊಡುತ್ತಿದ್ದೆ. ವಾರಗಟ್ಟಲೆ ಬಂದದ್ದು ದಾರದ ತುಂಡುಗಳೇ. ಅಷ್ಟರಲ್ಲಿ ಅವ್ವ ಹೊಸ್ತಿಲು ಎಡವತೊಡಗಿದ್ದಳು. ಆದರೂ ನಾನು ಬರಿಗೈಯಲ್ಲಿ ಬಂದಾಗ, ನಿನ್ನ ಶನಿಗೆ ಇನ್ನೂ ಬಳೆಗಾರ ಸಿಕ್ಕಿಲ್ಲೇನು ಎಂದು ಕೆಣಕುವುದನ್ನು ಬಿಡಲಿಲ್ಲ.

ಮಳೆ ತೆರಪು ಕೊಟ್ಟ ಒಂದು ವಾರದಲ್ಲಿ ತೆಗೆದ ರೋಲಿನಲ್ಲಿ ಒಂದೇ ಒಂದು ಚಿತ್ರ ಬೇರೆಯಾಗಿತ್ತು. ನೆಗೆಟಿವ್‌ನಲ್ಲಿ ಜೀರಿಗೆ ಕಾಳಿನಷ್ಟು ಕರಿಯ ಗುರುತು, ನಡುವೆ ದಪ್ಪ, ಎರಡೂ ತುದಿ ಸಣ್ಣ. ಭೂಮಿ ತಿರುಗಿ ಉದ್ದವಾದದ್ದಾದರೆ ಅದು ಪೂರ್ವ ಪಶ್ಚಿಮವಾಗಿ ಎಳೆದಿರಬೇಕು. ಇದು ಆ ಗೆರೆಗೆ ಓರೆಯಾಗಿತ್ತು. ಅದೇ ರೋಲಿನ ದಾರದ ತುಂಡುಗಳ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು, ಸ್ಟುಡಿಯೋದ ಕಿಟಕಿಯ ಬೆಳಕಿನಲ್ಲೇ ನೋಡಿದೆ. ಬಳೆ ಎಂದು ಖಾತ್ರಿಯಾಯಿತು. ಸ್ಟುಡಿಯೋದ ಸಾಹೇಬರಿಗೆ, ಇದನ್ನು ದೊಡ್ಡದು ಮಾಡಿ ಕೊಡಿ, ನಮ್ಮ ಅವ್ವ ನೋಡಬೇಕು, ಅವಳ ಕಣ್ಣು ಮಂಜಾಗಿದೆ, ಚೆನ್ನಾಗಿ ಬರಲಿ ಎಂದು ಹೇಳಿ ಕಾಲೇಜಿಗೆ ಹೋದೆ.

ಸಾಹೇಬರು ನಮ್ಮ ಎರಡೂ ಊರಿನ ಮದುವೆಗಳನ್ನು ನಡೆಸಿದವರು ಎಂದರೆ ತಪ್ಪಲ್ಲ. ಗಂಡಿನ ಕಡೆಗೆ ಕಳಿಸುವ ಹೆಣ್ಣಿನ ಫೋಟೋ, ಹೆಣ್ಣಿನ ಕಡೆಗೆ ಕಳಿಸುವ ಗಂಡಿನ ಫೋಟೋ ಎಲ್ಲ ಅವರ ಕೈ ದಾಟಿಯೇ ಹೋಗಬೇಕು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲು, ಸಣ್ಣ ಬ್ಲೇಡು ಹಿಡಿದು ನೆಗೆಟಿವ್ ಮೇಲೆ ಕೆಲಸ ಮಾಡುತ್ತಿದ್ದರು. ಸಿಡುಬಿನ ಕಲೆ ಹೋಗುತ್ತಿತ್ತು, ಕೆನ್ನೆ ತುಂಬುತ್ತಿತ್ತು, ಮುಂದೆ ಬಂದ ಕಿವಿ ಹಿಂದೆ ಸರಿಯುತ್ತಿತ್ತು. ಯಾರೂ ಇದನ್ನು ಕೇಳಿ ಮಾಡಿಸುತ್ತಿರಲಿಲ್ಲ. ಹಾಗೆ ತಿದ್ದದೆ ಕೊಟ್ಟರೆ ಗಿರಾಕಿಗೆ ಅವಮಾನ. ನನ್ನ ದಾರದ ತುಂಡುಗಳನ್ನು ಅವರು ಇದುವರೆಗೆ ಮುಟ್ಟಿರಲಿಲ್ಲ, ಅವು ಕೆಟ್ಟುಹೋದ ಫಿಲ್ಮು ಎಂದು ತಿಳಿದು. ಇದು ಒಬ್ಬ ತಾಯಿ ನೋಡಬೇಕಾದ ಪಟ.

ಸಂಜೆ ಹೋದಾಗ ಅಂಗೈ ಅಗಲದ ಫೋಟೋವನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದರು. ಕಪ್ಪು ಆಕಾಶದ ನಡುವೆ ಗುಂಡಗೆ, ನುಣ್ಣಗೆ, ಒಂದು ಬದಿಗೆ ಹಿತವಾದ ನೆರಳಿದ್ದ ಮುತ್ತು.

“ಕೈ ಅಲುಗಾಡಿತ್ತು ಸರ್. ಎರಡೂ ಕಡೆ ಕಿವಿ ಬಂದಿದ್ವು. ಬ್ಲೇಡ್ನಾಗ ಕೆರದು ತೆಗದು ಉಂಡಿ ಮಾಡೀನಿ ನೋಡ್ರಿ. ಅಮ್ಮಾಜಿಗೆ ನನ್ ಸಲಾಂ ಹೇಳ್ರಿ” ಎಂದರು.

ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದೆ. ಜೀರಿಗೆ ಕಾಳು ಸಾಸಿವೆಯಾಗಿತ್ತು. ಎರಡೂ ತುದಿಯಲ್ಲಿ ಫಿಲ್ಮಿನ ಮೇಲ್ಪದರವೇ ಇರಲಿಲ್ಲ. ಅಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳುವಂತಿರಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ. ಅವರು ಆ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಫೋಟೋವನ್ನು ಅವ್ವನಿಗೆ ತೋರಿಸಿದೆ, ಯಾಕೆ ತೋರಿಸಿದೆನೋ. ಬೇರೇನೂ ಇರಲಿಲ್ಲ. ಬಳೆ ಇತ್ತು, ತಿದ್ದುವಾಗ ಹೋಯಿತು ಎಂದು ವಿವರಿಸಿದೆ. ಅವಳು ರಟ್ಟನ್ನು ಕಣ್ಣಿನ ಹತ್ತಿರ ತಂದು, ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ಬಿಟ್ಟ ಕಣ್ಣಿನಂಗ ಐತಲ್ಲೋ ತಮ್ಮಾ” ಎಂದು, ಫೋಟೋವನ್ನು ಬೋರಲು ಹಾಕಿ ನನ್ನ ಕಡೆ ಸರಿಸಿದಳು.

ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ಮಾಳಿಗೆ ಹತ್ತಿದೆ. ಹತ್ತಿಯ ಕಾಲ ಬಂದು ಪಶ್ಚಿಮದಲ್ಲಿ ದೂಳು ಕವಿಯಿತು, ಶನಿ ಅದರೊಳಗೆ ಇಳಿದುಹೋಯಿತು. ಮರುವರ್ಷ ಅದು ತಿರುಗಿ ಬಂದಾಗಲೂ ತೆಗೆದೆ. ಎಲ್ಲವೂ ದಾರದ ತುಂಡು. ಒಂದೆರಡು ಓರೆಯಾಗಿದ್ದವು ಎನಿಸಿತ್ತು, ಆದರೆ ಕ್ಯಾಮೆರಾ ಸ್ಟೂಲಿನ ಮೇಲೆ ಓರೆಯಾಗಿದ್ದರೂ ಹಾಗೆಯೇ ಬರುತ್ತದೆಂದು ಆಗ ಹೊಳೆಯಿತು. ಹೊಳೆದದ್ದೇ ಹಿಂದಿನ ವರ್ಷದ ಆ ಒಂದು ಚಿತ್ರದ ಖಾತ್ರಿಯೂ ಕೈಜಾರಿತು. ಆ ಸಂಜೆ ರೋಲಿನ ನಡುವೆ ಸ್ಟೂಲನ್ನು ಸರಿಸಿದ್ದೆನೇ? ಸರಿಸಿರಲಿಲ್ಲ ಎಂದು ನೆನಪು. ಈ ನೆನಪಿಗೆ, ಬಳೆ ಇತ್ತು ಎಂದು ನಂಬಬೇಕೆಂಬ ನನ್ನ ಆಸೆಯ ಹೊರತು ಬೇರೆ ಸಾಕ್ಷಿಯಿಲ್ಲ. ಸಾಹೇಬರು ಅಳಿಸಿದ್ದು ಶನಿಯ ಬಳೆಯನ್ನೋ, ನನ್ನ ಸ್ಟೂಲಿನ ಅಲುಗಾಟವನ್ನೋ ಗೊತ್ತಿಲ್ಲ. ಅವರು ಸರಿಯಾಗಿಯೇ ತಿದ್ದಿರಬಹುದು.

ಶನಿ ಕುಂಭಕ್ಕೆ ದಾಟಿದ ಮಾರನೆಯ ಬೆಳಿಗ್ಗೆ ಅವ್ವ ತಲೆ ಮೇಲೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು ಕುಳಿತಿದ್ದಳು. ಇನ್ನು ನಡಿ ಎಂದಳು. ದಾವಣಗೆರೆಯ ಡಾಕ್ಟರು ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು. ಅವಳು ತಪ್ಪು ದಿಕ್ಕು ಹೇಳಿದಳು. ಇನ್ನು ಕತ್ತಿ ಹಾಕಿ ನೋಯಿಸುವುದು ಬೇಡ ಎಂದು ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅವ್ವನಿಗೆ ಇಂಗ್ಲಿಷು ಬಾರದು, ಆದರೂ ಕೇಳಿಸಿಕೊಂಡವಳ ಹಾಗೆ ಎದ್ದು ಸೆರಗು ಸರಿಮಾಡಿಕೊಂಡಳು.

ಬಸ್ಸು ಹರಿಹರದ ಹತ್ತಿರ ಬಂತು. ಅವ್ವ ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದಳು: “ಹೋಗೋ ಶನಿ ಏನರ ಕೊಟ್ಟು ಹೋಗ್ತಾನ ಅಂತಾರ. ಇಂವ ಒಯ್ದು ಹೋದ ನೋಡು.”

ಒತ್ತಡ, ನರ, ತಡವಾದ ಆಪರೇಷನ್ ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಆದರೆ ಅವಳ ಲೆಕ್ಕ ಹಿಡಿದರೆ ಎಲ್ಲ ನಡೆದದ್ದು ಅವಳು ಹೇಳಿದಂತೆಯೇ: ಬಂದಾಗ ಗಂಡನನ್ನು ಒಯ್ದ, ಹೋಗುವಾಗ ಕಣ್ಣು ಒಯ್ದ. ನನ್ನ ಕಡೆ ಇದ್ದದ್ದು ಬ್ಲೇಡಿನಿಂದ ಕೆರೆದ ಒಂದು ಚೂರು ಫಿಲ್ಮು. ಬಸ್ಸು ನಿಂತಿತು. ಇಳಿಯುವಾಗ ಮೆಟ್ಟಿಲು ಎಷ್ಟು ಕೆಳಗಿದೆ ಎಂದು ಅವಳು ಕೇಳಿದಳು. ನಾನು ಹೇಳಿದೆ. ಅವಳು ನಂಬಲಿಲ್ಲ, ಕಾಲಿನಿಂದ ತಡವಿ ನೋಡಿಯೇ ಇಳಿದಳು.