ಅಳತೆ ಲೋಟ ಮತ್ತು ಅಮ್ಮನ ಗಿಣಿ

ಮೂರು ಪ್ಲಾಸ್ಟಿಕ್ ಲೋಟಗಳ ದೆಸೆಯಿಂದ ನಾನು ಅಕ್ಕನ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ ಅಂದರೆ ಯಾರೂ ನಂಬುವುದಿಲ್ಲ. ಈಗ ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ. ಆ ಉರಿ ಹೆಚ್ಚಾಗಿ ನನ್ನ ಮೇಲೇ.

ಅಮ್ಮ ಹೋದ ಮೇಲೆ ಅವಳ ಸಾಮಾನಿನಲ್ಲಿ ನಾವಿಬ್ಬರೂ ಆಸೆಪಟ್ಟದ್ದು ಒಂದಕ್ಕೇ, ಸಂಕ್ರಾಂತಿಗೆ ಸಕ್ಕರೆ ಪಾಕ ಎರೆಯುವ ಮರದ ಅಚ್ಚಿಗೆ. ಉಳಿದ ಅಚ್ಚುಗಳನ್ನೆಲ್ಲ ಹುಳು ತಿಂದಿತ್ತು. ಗಿಣಿಯದು ಮಾತ್ರ ಗಟ್ಟಿಯಾಗಿತ್ತು. ಮರದ ಎರಡು ಹೋಳು, ಒಳಗೆ ರೆಕ್ಕೆಯ ಒಂದೊಂದು ಗೆರೆಯೂ ಕಾಣುವ ಹಾಗೆ ಕೊರೆದ ಗಿಣಿ, ಎಳ್ಳುಕಾಳಿನಷ್ಟು ಕಣ್ಣು. ದೊಡ್ಡವಳು ಅಂತ ಅದು ಅಕ್ಕನ ಪಾಲಿಗೆ ಹೋಯಿತು. ಅಕ್ಕನ ಮನೆ ಕಾಮೋಠೆಯಲ್ಲಿ, ನಮ್ಮದು ಐರೋಲಿಯಲ್ಲಿ, ನಡುವೆ ಲೋಕಲ್ ರೈಲಿನ ದಾರಿ. ಪ್ರತಿ ಸಂಕ್ರಾಂತಿಗೂ ಅವಳು ಕಳಿಸುವ ನಾಲ್ಕು ಗಿಣಿಗಾಗಿ ಕಾಯುವುದು ನನಗೆ ಸಾಕಾಗಿಹೋಗಿತ್ತು.

ಆ ವರ್ಷಗಳಲ್ಲಿ ನನಗೆ, ಎರೆದರೆ ಗಾಜಿನ ಹಾಗೆ ಗಟ್ಟಿಯಾಗುವ ರೆಸಿನ್ನಿನ ಹುಚ್ಚು. ಟ್ರೇ, ಕೀಚೈನು ಏನೇನೋ ಎರೆದು ನಮ್ಮ ಹೌಸಿಂಗ್ ಸೊಸೈಟಿಯ ಮೇಳದಲ್ಲಿ ಇಡುತ್ತಿದ್ದೆ. ಹಾಗಾಗಿ ದೊಡ್ಡ ಪಂಡಿತಳ ಹಾಗೆ ಅಕ್ಕನಿಗೆ ಹೇಳಿದೆ, "ಅಚ್ಚು ಒಂದು ವಾರ ಕೊಡೇ. ಸಿಲಿಕೋನಿನಲ್ಲಿ ಇನ್ನೊಂದು ಮಾಡ್ಕೋತೀನಿ. ನಿನ್ನದು ನಿನಗೆ, ನನ್ನದು ನನಗೆ."

"ಹಾಳು ಮಾಡ್ಬೇಡ ಕಣೇ. ಇರೋದು ಅದೊಂದೇ," ಅಂದಳು.

"ನನಗೇನು ಬುದ್ಧಿ ಇಲ್ವಾ?" ಅಂದೆ.

ತುರ್ಭೆಯ ಒಂದು ಗಾಳೆಯಲ್ಲಿ, ಒಂದೇ ಶಟರಿನ ಸಣ್ಣ ಮಳಿಗೆಯಲ್ಲಿ, ಕೆಮಿಕಲ್ ಮಾರುವವನ ಹತ್ತಿರ ತಿನ್ನುವ ಪದಾರ್ಥಕ್ಕೂ ಆಗುವಂಥ ಸಿಲಿಕೋನ್ ತಂದೆ. ಎರಡು ಬಾಟಲಿ. ಎರಡನ್ನೂ ಸರಿಸಮ ಅಳೆದು, ಕಲೆಸಿ ಸುರಿದರೆ ಆರು ಗಂಟೆಯಲ್ಲಿ ರಬ್ಬರಾಗಬೇಕು. ಅಳೆಯಲು ನನ್ನ ಹತ್ತಿರ ಪದೇ ಪದೇ ಬಳಸುವ ಮೂರು ಲೋಟಗಳಿದ್ದವು, ಮೈಮೇಲೆ ಉಬ್ಬಿದ ಗೀಟುಗಳಿರುವ ಅರೆಪಾರದರ್ಶಕ ಲೋಟಗಳು. ಅವನ್ನು ತೊಳೆಯುವ ಗೋಜೇ ಇಲ್ಲ. ತಳದಲ್ಲಿ ಉಳಿದದ್ದು ಗಟ್ಟಿಯಾದ ಮೇಲೆ ಹಾಲಿನ ಕೆನೆಯ ಹಾಗೆ ಎತ್ತಿ ಬಿಸಾಡಿದರೆ ಆಯಿತು. ಆದರೆ ನಮ್ಮತ್ತೆಗೆ ತೊಳೆಯದ ಪಾತ್ರೆ ಕಂಡರೆ ತಡೆಯುವುದಿಲ್ಲ. ಮಾವ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಹೋಟೆಲಿನ ಅಡುಗೆಮನೆಗೆ ಬೇಕಾದ ಶಿಸ್ತನ್ನು ಅತ್ತೆ ಉಡುಪಿಯಿಂದಲೇ ಕಟ್ಟಿಕೊಂಡು ಬಂದಿದ್ದರು. ನಾನು ಎಲ್ಲಿಟ್ಟರೂ ಲೋಟಗಳು ತಿಕ್ಕಿಸಿಕೊಂಡು ಸ್ಟ್ಯಾಂಡಿನ ಮೇಲೆ ಬೋರಲು ಬಿದ್ದಿರುತ್ತಿದ್ದವು. ಒಂದೆರಡು ಸಲ ಗೊಣಗಿ ಸುಮ್ಮನಾಗಿದ್ದೆ.

ಡಿಸೆಂಬರಿನ ಒಂದು ಭಾನುವಾರ ಗೀಟಿಗೆ ಸರಿಯಾಗಿ ಅಳೆದೆ, ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಕಲೆಸಿದೆ, ಗಿಣಿಯ ಎರಡೂ ಹೋಳಿಗೆ ಸುರಿದೆ. ಆರು ಗಂಟೆ ಕಳೆಯಿತು. ಬೆರಳಿಟ್ಟರೆ ಎಳೆಪಾಕ. ಮರುದಿನವೂ ಅದೇ ಪಾಕ. ಮೂರನೆಯ ದಿನ ಬಿಸಿಲಿಗಿಟ್ಟೆ, ಫ್ಯಾನಿನ ಕೆಳಗಿಟ್ಟೆ, ದೇವರಿಗೆ ಕೈ ಮುಗಿದೆ. ಊಹೂಂ! ಹೊರಗೆ ತೆಗೆಯೋಣ ಅಂದರೆ ಜಿಗುಟು ಬಿಡುತ್ತಿಲ್ಲ. ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಎಳೆಗಳೇ ಗೆರೆಗಳಲ್ಲಿ ಸಿಕ್ಕಿಕೊಂಡವು. ರೇಗಿಹೋಗಿ ಸೇಫ್ಟಿ ಪಿನ್ ತೆಗೆದುಕೊಂಡು ಕೆರೆಯತೊಡಗಿದೆ. ಕೈ ಜಾರಿತು. ಒಂದು ಹೋಳಿನಲ್ಲಿ ಗಿಣಿಯ ಕಣ್ಣಿನ ಮೇಲೆ ಅಡ್ಡಕ್ಕೆ ಉದ್ದನೆಯ ಗೀರು ಬಿತ್ತು. ಕಣ್ಣೇ ಹೋಯಿತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅಳು ಮುಗಿದ ಮೇಲೆ ಸಿಟ್ಟು ಬಂತು. ನೇರ ತುರ್ಭೆಗೆ ಹೋಗಿ ಅಂಗಡಿಯವನ ಮೇಲೆ ಹರಿಹಾಯ್ದೆ. ಅವನು ಜಗ್ಗಲಿಲ್ಲ. "ಮೇಡಂ, ಪ್ಯಾಜ್-ಲಸುಣ್ ಲಗಾ ಕ್ಯಾ?" ಅಂತ ಕೇಳಿದ. ಈರುಳ್ಳಿ ಬೆಳ್ಳುಳ್ಳಿಯಲ್ಲಿ ಗಂಧಕದ ಅಂಶ ಇರುತ್ತದಂತೆ, ಅದರ ಸೋಂಕು ತಗುಲಿದರೂ ಈ ಜಾತಿಯ ಸಿಲಿಕೋನ್ ಗಟ್ಟಿಯಾಗುವುದಿಲ್ಲವಂತೆ.

ನಾನು ಸೆರಗು ಸರಿಮಾಡಿಕೊಂಡು ಹೇಳಿದೆ, "ಭಯ್ಯಾ, ಹಮಾರೇ ಘರ್ ಮೇ ಪ್ಯಾಜ್-ಲಸುಣ್ ಆತಾ ಹೀ ನಹೀ." ನಮ್ಮ ಮನೆಗೆ ಅವೆರಡೂ ಬರುವುದೇ ಇಲ್ಲ ಅಂತ ಎಂಥ ಜಂಬ ನನಗೆ ಆವತ್ತು!

"ಫಿರ್ ಲಕಡೀ ಮೇ ಕುಛ್ ಹೋಗಾ," ಅಂದ ಅವನು. ಹಾಗಾದರೆ ಮರದಲ್ಲೇ ಏನೋ ಇರಬೇಕು. ಮರ ಯಾರ ಮನೆಯಲ್ಲಿತ್ತು? ಅಕ್ಕನ ಮನೆಯಲ್ಲಿ. ನನಗೆ ಅಷ್ಟು ಸಾಕಾಯಿತು.

ಅಚ್ಚು ವಾಪಸು ಕೊಡಲು ಕಾಮೋಠೆಗೆ ಹೋದವಳು ಬಾಗಿಲಲ್ಲೇ ಶುರುಮಾಡಿದೆ. "ಹುಳು ಹಿಡಿಯದಿರಲಿ ಅಂತ ಬೇವಿನೆಣ್ಣೆ ಗೀವಿನೆಣ್ಣೆ ಬಳಿದಿಟ್ಟಿದ್ದೀಯ. ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ನಾನು ಯಾವ ಎಣ್ಣೆನೂ ಮುಟ್ಟಿಸಿಲ್ಲ," ಅಂದಳು ಅಕ್ಕ. ಅಚ್ಚನ್ನು ಬೆಳಕಿಗೆ ಹಿಡಿದಳು, ಕಣ್ಣಿನ ಮೇಲಿನ ಗೀರು ನೋಡಿದಳು, ಮುಖ ಸಣ್ಣದಾಯಿತು. ಆಮೇಲೆ ಮೂಗಿನ ಹತ್ತಿರ ತಂದಳು. "ಇದೇನೇ ಇದು, ಇಂಗಿನ ವಾಸನೆ?"

ನನಗೆ ಎಲ್ಲಿತ್ತೋ ಕೋಪ! "ಹೌದಮ್ಮಾ, ನಾನು ಹೋಟೆಲಿನವರ ಮನೆ ಸೊಸೆ. ನಮ್ಮ ಮನೆ ಸಾಮಾನೆಲ್ಲ ಸಾಂಬಾರು ನಾರುತ್ತೆ. ನೀನು ಆಫೀಸರ ಹೆಂಡತಿ, ಮೂಗು ಮುಚ್ಚಿಕೋ," ಅಂತ ಅಂದು, ಅವಳು ಇಟ್ಟ ಕಾಫಿ ಮುಟ್ಟದೆ ಹೊರಟುಬಂದೆ.

ಸಂಕ್ರಾಂತಿ ಬಂತು. ಅಕ್ಕನಿಂದ ಎಳ್ಳೂ ಇಲ್ಲ, ಗಿಣಿಯೂ ಇಲ್ಲ. ಸಿಲಿಕೋನಿನ ಬಾಟಲಿಗಳನ್ನು ಅಟ್ಟದ ಮೇಲೆ ಎಸೆದೆ. ಲೋಟಗಳ ಕಡೆ ತಿರುಗಿ ನೋಡಲಿಲ್ಲ. ಮನೆಯವರು "ಒಂದು ಫೋನ್ ಮಾಡು" ಅಂದಾಗಲೆಲ್ಲ "ತಪ್ಪು ಅವಳದ್ದು" ಅನ್ನುತ್ತಿದ್ದೆ.

ಕೃಷ್ಣಾಷ್ಟಮಿಯ ಹಿಂದಿನ ದಿನ ಅತ್ತೆ ಚಕ್ಕುಲಿ ಹಿಟ್ಟು ಕಲಸಲು ಕೂತಿದ್ದರು. "ಆ ಇಂಗಿನ ನೀರು ಸ್ವಲ್ಪ ಕೊಡು ಮಾರಾಯ್ತಿ," ಅಂದರು. ಎಲ್ಲಿದೆ ಅಂತ ನೋಡಿದರೆ ನನ್ನ ಅಳತೆ ಲೋಟ. ಒಳಗೆ ಗಟ್ಟಿ ಇಂಗಿನ ತುಂಡು ನೀರಲ್ಲಿ ನೆನೆಯುತ್ತಿತ್ತು.

"ಅತ್ತೆ, ಇದರಲ್ಲಿ ಯಾವಾಗಿನಿಂದ ಇಂಗು ನೆನೆಸ್ತಿದ್ದೀರಿ?"

"ಹೋದ ದೀಪಾವಳಿಯಿಂದ. ಗೀಟು ಉಂಟಲ್ಲ, ನೀರು ಅಳೆಯಲಿಕ್ಕೆ ಸಸಾರ. ಎಂತ, ನಿನ್ನ ಕೆಲಸಕ್ಕೆ ಬೇಕಲ್ಲ ಅಂತ ಮೂರು ಸರ್ತಿ ಸೋಪು ಹಾಕಿ ತೊಳೆದೇ ಇಡುವುದು ನಾನು."

ಲೋಟ ಮೂಗಿಗೆ ಹಿಡಿದೆ. ನಮ್ಮ ಮನೆಯ ವಾಸನೆಯೇ ಅದು. ನನಗೆ ಬೇರೆಯಾಗಿ ಗೊತ್ತಾಗುವುದಾದರೂ ಹೇಗೆ? ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಮನೆಯಲ್ಲಿ ಅವುಗಳ ಕೆಲಸವನ್ನೆಲ್ಲ ಮಾಡುವುದು ಇಂಗು. ಅಂಗಡಿಯವನು ಹೇಳಿದ ಗಂಧಕ ಇದರಲ್ಲೂ ಇರಬೇಕು, ಎಷ್ಟು ತೊಳೆದರೂ ಪ್ಲಾಸ್ಟಿಕ್ ಬಿಟ್ಟು ಹೋಗಿರಲಿಕ್ಕಿಲ್ಲ. ಬಾಟಲಿ ಕೆಳಗಿಳಿಸಿ, ಒಂದಿಷ್ಟು ಸಿಲಿಕೋನನ್ನು ಹೊಸ ಕಾಗದದ ಕಪ್ಪಿನಲ್ಲಿ, ಒಂದಿಷ್ಟನ್ನು ಆ ಲೋಟವನ್ನೇ ತೊಳೆದು ಒರೆಸಿ ಅದರಲ್ಲಿ ಕಲೆಸಿಟ್ಟೆ. ಬೆಳಿಗ್ಗೆ ಕಪ್ಪಿನದು ಚೆಂಡಿನ ಹಾಗೆ ಪುಟಿಯಿತು. ಲೋಟದ್ದು ಅದೇ ಎಳೆಪಾಕ. ಅತ್ತೆಯನ್ನು ಬೈಯೋಣ ಅಂದರೆ ಅವರು ಮಾಡಿದ್ದು ಪಾತ್ರೆ ತೊಳೆದದ್ದು. ಕಾರಣವನ್ನು ಅಕ್ಕ ಬಾಗಿಲಲ್ಲೇ ನಿಂತು ನನ್ನ ಕೈಗೆ ಕೊಟ್ಟಿದ್ದಳು. ಅವಳ ಬಾಯಿ ಮುಚ್ಚಿಸಿ ಬಂದವಳು ನಾನು.

ಅಷ್ಟಮಿ ಕಳೆದ ಮಾರನೆಯ ದಿನ ಹೊಸ ಲೋಟಗಳನ್ನೂ ಒಂದು ಡಬ್ಬಿ ಚಕ್ಕುಲಿಯನ್ನೂ ಹಿಡಿದು ಕಾಮೋಠೆಗೆ ಹತ್ತಿರದ ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು, ರಿಕ್ಷಾ ಹತ್ತಿ ಹೋಗಿ ಅಕ್ಕನ ಮನೆಯ ಬೆಲ್ ಒತ್ತಿದೆ. "ಇಂಗೇ ಕಣೇ ಅಕ್ಕ. ನೀನು ಹೇಳಿದ್ದೇ ಸರಿ. ಕಣ್ಣು ಕಿತ್ತದ್ದೂ ನಾನೇ, ಪಿನ್ನಿನಲ್ಲಿ," ಅಂದೆ. ಅವಳು ಡಬ್ಬಿ ತೆಗೆದು, ಚಕ್ಕುಲಿ ಮೂಸಿ ನೋಡಿ, "ಇದಕ್ಕಾದ್ರೂ ಇಂಗು ಸರಿಯಾಗಿ ಬಿದ್ದಿದೆ," ಅಂದಳು. ಒಳಗೆ ಹೋಗಿ ಅಚ್ಚು ತಂದಳು. ಅಷ್ಟು ತಿಂಗಳೂ ಕೂತು, ನೆನೆಸಿದ ಕಡ್ಡಿಯಲ್ಲಿ ಒಂದೊಂದೇ ಗೆರೆಯ ಜಿಗುಟು ತೆಗೆದಿದ್ದಳು.

ಅವಳ ಅಡುಗೆಮನೆಯಲ್ಲೇ ಅಳೆದು ಸುರಿದೆವು. ಈ ಸಲ ಎಲ್ಲ ಗಟ್ಟಿಯಾಯಿತು. ಅಚ್ಚಿನಿಂದ ಬಂದ ರಬ್ಬರ್ ಗಿಣಿಗೆ ಅಂಟದ ಹಾಗೆ ಜಿಡ್ಡು ಸವರಿ, ಮೇಲೆ ಮತ್ತೆ ಸಿಲಿಕೋನ್ ಎರೆದು, ನನ್ನ ಅಚ್ಚೂ ಆಯಿತು. ಸಿಲಿಕೋನ್ ಏನನ್ನೂ ಬಿಡುವುದಿಲ್ಲ. ಅಮ್ಮನ ಕಾಲದ ಮರದ ಎಳೆ, ರೆಕ್ಕೆ, ಕೊಕ್ಕು ಎಲ್ಲ ಹಾಗೇ ಬಂದಿತ್ತು. ಕಣ್ಣಿದ್ದ ಜಾಗದಲ್ಲಿ ನನ್ನ ಪಿನ್ನಿನ ಗೀರೂ ಹಾಗೇ ಬಂದಿತ್ತು.

ಅಕ್ಕ ಎರಡು ಅಚ್ಚನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಈಗ ನಿನ್ನದೂ ಕುರುಡೇ," ಅಂದು, ನನ್ನ ಪಾಲಿನದನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಈಗಲೂ ಪ್ರತಿ ಸಂಕ್ರಾಂತಿಗೆ ಕಾಮೋಠೆಯಲ್ಲೂ ಐರೋಲಿಯಲ್ಲೂ ಅದೇ ಗೀರಿನ ಗಿಣಿಗಳೇ ಏಳುವುದು.